ಲಂಡನ್ನಿನ ಮರಗಳಲ್ಲಿ ನಮ್ಮ ಗಿಳಿ: ಪಂಜರದ ಹಕ್ಕಿ ಊರ ಹಕ್ಕಿಯಾದ ಬಗೆ

ಲಂಡನ್ನಿನ ರಿಚ್ಮಂಡ್ ಪಾರ್ಕಿನಲ್ಲೋ ಕ್ಯೂ ಉದ್ಯಾನದಲ್ಲೋ ಚಳಿಗಾಲದ ಸಂಜೆ ಅಡ್ಡಾಡುವ ಕನ್ನಡಿಗರಿಗೆ ತಲೆಯ ಮೇಲಿನಿಂದ ಕೇಳಿಬರುವ ಕೀರಲು ಕೂಗು ಹೊಸದೇನಲ್ಲ. ಎಲೆಯುದುರಿದ ಓಕ್ ಮರಗಳ ನಡುವೆ ಗುಂಪಾಗಿ ಹಾರಿಹೋಗುವ ಆ ಹಸಿರು ಹಕ್ಕಿ, ನಮ್ಮ ಬಯಲುಸೀಮೆಯ ರೈತರು ಜೋಳ, ಸೂರ್ಯಕಾಂತಿ ಹೊಲಗಳಿಂದ ಕವಣೆ ಬೀಸಿ, ತಗಡು ಬಡಿದು ಓಡಿಸುವ ಗುಲಾಬಿ ಕೊರಳಪಟ್ಟಿಯ ಗಿಳಿಯೇ. ಸಹಾರಾದ ದಕ್ಷಿಣಕ್ಕೆ ಆಫ್ರಿಕಾದ ಉದ್ದಕ್ಕೂ ಹಬ್ಬಿರುವ ಒಣ ಬಯಲುಗಳೂ ಭಾರತ ಉಪಖಂಡವೂ ಇದರ ತವರು. ಇಂಗ್ಲೆಂಡಿನಲ್ಲಿ ಬಿಡಿ ಹಕ್ಕಿಗಳು ಕಾಣಿಸಿಕೊಂಡ ದಾಖಲೆಗಳು 19ನೆಯ ಶತಮಾನದಷ್ಟು ಹಳೆಯವಾದರೂ, ಅವು ಕಾಡುಹಕ್ಕಿಗಳಂತೆ ಮರಿ ಮಾಡಿ ನೆಲೆಯೂರಿದ್ದು 1969ರಲ್ಲಿ ಕೆಂಟ್ ಪ್ರಾಂತದಲ್ಲಿ. 1983ರಲ್ಲಿ ಬ್ರಿಟಿಷ್ ಆರ್ನಿಥಾಲಜಿಸ್ಟ್ಸ್ ಯೂನಿಯನ್ ಈ ಗಿಳಿಯನ್ನು ಆ ದೇಶದ ಹಕ್ಕಿಗಳ ಅಧಿಕೃತ ಪಟ್ಟಿಗೆ ಸೇರಿಸಿಕೊಂಡಿತು.

ಇವು ಅಲ್ಲಿಗೆ ಹೇಗೆ ಬಂದವು ಎಂದು ಲಂಡನ್ನಿಗರನ್ನು ಕೇಳಿದರೆ ಸಾಮಾನ್ಯವಾಗಿ ಮೂರು ಕಥೆಗಳು ಸಿಗುತ್ತವೆ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ 1960ರ ದಶಕದಲ್ಲಿ ಕಾರ್ನಬಿ ಸ್ಟ್ರೀಟಿನಲ್ಲಿ ಒಂದು ಜೋಡಿಯನ್ನು ಹಾರಿಬಿಟ್ಟನೆಂಬುದು ಮೊದಲನೆಯದು. 1951ರ ‘ದಿ ಆಫ್ರಿಕನ್ ಕ್ವೀನ್’ ಚಿತ್ರಕ್ಕಾಗಿ ತರಿಸಿದ ಹಕ್ಕಿಗಳು ಐಸಲ್‌ವರ್ತ್ ಸ್ಟುಡಿಯೋದಿಂದ ತಪ್ಪಿಸಿಕೊಂಡವೆಂಬುದು ಎರಡನೆಯದು. 1987ರ ಮಹಾ ಬಿರುಗಾಳಿಗೆ ಹಕ್ಕಿಮನೆಗಳು ಮುರಿದುಬಿದ್ದವೆಂಬುದು ಮೂರನೆಯದು. ಇವುಗಳಲ್ಲಿ ಮೂರನೆಯದನ್ನು ತಳ್ಳಿಹಾಕಲು ಸಂಶೋಧನೆಯೇ ಬೇಡ, ಬಿರುಗಾಳಿ ಬೀಸುವ ನಾಲ್ಕು ವರ್ಷ ಮೊದಲೇ ಗಿಳಿ ಪಟ್ಟಿಗೆ ಸೇರಿಯಾಗಿತ್ತು. ಉಳಿದೆರಡನ್ನು ಪರೀಕ್ಷಿಸಲು ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಸ್ಟೀವನ್ ಲೆ ಕಾಂಬರ್ ಮತ್ತು ಸಂಗಡಿಗರು ಬಳಸಿದ್ದು ಪೊಲೀಸರ ಒಂದು ವಿಧಾನವನ್ನು. ಒಬ್ಬನೇ ಅಪರಾಧಿ ಹಲವು ಕಡೆ ಎಸಗಿದ ಕೃತ್ಯಗಳ ಸ್ಥಳಗಳನ್ನು ನಕ್ಷೆಯಲ್ಲಿ ಗುರುತಿಸಿ, ಅವನ ನೆಲೆ ಎಲ್ಲಿರಬಹುದೆಂದು ಗಣಿತದ ಮೂಲಕ ಅಂದಾಜಿಸುವ ಕ್ರಮವದು. ದಶಕಗಳ ಕಾಲ ಗಿಳಿಗಳು ಕಂಡ ಜಾಗಗಳನ್ನೆಲ್ಲ ಹೀಗೆ ಲೆಕ್ಕಕ್ಕೆ ತಂದಾಗ ಕಾರ್ನಬಿ ಸ್ಟ್ರೀಟಾಗಲಿ ಐಸಲ್‌ವರ್ತ್ ಆಗಲಿ ಮೂಲಸ್ಥಾನವೆಂದು ತೋರಲಿಲ್ಲ. 2019ರ ಕೊನೆಯಲ್ಲಿ ಪ್ರಕಟವಾದ ಆ ಅಧ್ಯಯನ ಕೊಟ್ಟ ಉತ್ತರ ಕಥೆಗಳಿಗಿಂತ ಸಪ್ಪೆಯಾದದ್ದು: ಹಲವು ಮನೆಗಳಿಂದ, ಅಂಗಡಿಗಳಿಂದ, ಹಲವು ವರ್ಷಗಳ ಕಾಲ, ಒಂದೊಂದಾಗಿ ಎರಡೆರಡಾಗಿ ಹಕ್ಕಿಗಳು ಹೊರಬೀಳುತ್ತಲೇ ಇದ್ದವು. 1929–30ರಲ್ಲೂ ಮತ್ತೆ 1952ರ ಸುಮಾರಿಗೂ ಗಿಳಿಗಳಿಂದ ಮನುಷ್ಯರಿಗೆ ಹರಡುವ ಸಿಟಕೋಸಿಸ್ ಜ್ವರದ ಸುದ್ದಿ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದಾಗ, ಹೆದರಿದ ಮಾಲೀಕರು ತಾವಾಗಿಯೇ ಪಂಜರದ ಬಾಗಿಲು ತೆರೆದಿರಬೇಕೆಂಬ ಊಹೆಯನ್ನೂ ಸಂಶೋಧಕರು ಮುಂದಿಟ್ಟರು.

ಈ ಸಪ್ಪೆ ಉತ್ತರವೇ ಇಡೀ ವಿಷಯದ ಕೀಲಿಕೈ ಎಂದು ನನ್ನ ಭಾವನೆ. ಗಿಳಿಗಳು ಪರದೇಶದ ಊರುಗಳಲ್ಲಿ ನೆಲೆಸಿದ ಬಗ್ಗೆ ಬರೆಯುವವರೆಲ್ಲ ಒಂದು ನಾಟಕೀಯ ಕ್ಷಣವನ್ನು ಹುಡುಕುತ್ತಾರೆ: ವಿಮಾನ ನಿಲ್ದಾಣದಲ್ಲಿ ಒಡೆದ ಪೆಟ್ಟಿಗೆ, ಪಲ್ಟಿಯಾದ ಲಾರಿ, ಮನಸ್ಸು ಕರಗಿದ ಶ್ರೀಮಂತ. ನಿಜಕ್ಕೂ ಲೆಕ್ಕಕ್ಕೆ ಬರುವುದು ಪಂಜರಗಳ ಸಂಖ್ಯೆ. ತಪ್ಪಿಸಿಕೊಂಡ ಹಕ್ಕಿಗಳಲ್ಲಿ ಬಹುಪಾಲು ಬದುಕುವುದಿಲ್ಲ. ಆಹಾರ ಹುಡುಕಲು ತಿಳಿಯದೆ, ಗಿಡುಗನ ಕೈಗೆ ಸಿಕ್ಕು, ಇಲ್ಲವೇ ಜೋಡಿ ಸಿಗದೆ ಅವು ಕೊನೆಯಾಗುತ್ತವೆ. ಗುಂಪಿನಲ್ಲಿ ಬದುಕಲು ಒಗ್ಗಿದ ಹಕ್ಕಿಗೆ ಒಂಟಿತನವೇ ದೊಡ್ಡ ಅಪಾಯ, ಏಕೆಂದರೆ ಕಾವಲಿಗೂ ಆಹಾರದ ಶೋಧಕ್ಕೂ ಅದು ಇತರ ಕಣ್ಣುಗಳನ್ನೇ ನಂಬಿರುತ್ತದೆ. ಆದ್ದರಿಂದ ಒಂದೇ ಪ್ರದೇಶದಲ್ಲಿ, ಒಂದೇ ಜಾತಿಯ ಹಕ್ಕಿಗಳು ವರ್ಷವರ್ಷವೂ ಹೊರಬೀಳುತ್ತಿದ್ದರೆ ಮಾತ್ರ ಗುಂಪೊಂದು ಕೂಡಿಕೊಳ್ಳುವ ಸಾಧ್ಯತೆ ಹುಟ್ಟುತ್ತದೆ. 1984ರಿಂದ 2007ರವರೆಗೆ, ದಾಖಲೆಗೆ ಸಿಕ್ಕ ವ್ಯಾಪಾರದಲ್ಲೇ, ಈ ಒಂದು ಜಾತಿಯ ಸುಮಾರು 1.46 ಲಕ್ಷ ಹಕ್ಕಿಗಳು ಯುರೋಪಿಗೆ ಆಮದಾದವು. ಅಷ್ಟರಲ್ಲಿ ನೂರಕ್ಕೆ ಒಂದು ತಪ್ಪಿಸಿಕೊಂಡಿದ್ದರೂ ಸಾವಿರ ದಾಟುತ್ತದೆ.

ಬ್ರಸೆಲ್ಸ್ ಮಾತ್ರ ಇದಕ್ಕೆ ಒಂದು ಅಪವಾದ, ಏಕೆಂದರೆ ಅಲ್ಲಿನ ನಾಟಕೀಯ ಕ್ಷಣ ನಿಜವಾಗಿಯೂ ನಡೆದದ್ದು. 1974ರಲ್ಲಿ ಹೇಸೆಲ್ ಪ್ರದೇಶದ ಮೆಲಿ ಪಾರ್ಕ್ ಎಂಬ ಮನರಂಜನಾ ಉದ್ಯಾನದ ಒಡೆಯರು, ಮಂಕಾದ ನಗರಕ್ಕೆ ಬಣ್ಣ ಬರಲೆಂದು ನಲವತ್ತರಷ್ಟು ಗಿಳಿಗಳನ್ನು ಬೇಕೆಂದೇ ಹಾರಿಬಿಟ್ಟರು. ಇಂದು ಆ ನಗರದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಗಿಳಿಗಳಿವೆ.

ಬಿಸಿಲ ನಾಡಿನ ಹಕ್ಕಿ ಲಂಡನ್ನಿನ ಚಳಿಯನ್ನು ತಾಳಿಕೊಂಡದ್ದು ಹೇಗೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಇದಕ್ಕೆ ಉತ್ತರ ಸಿಕ್ಕಿದ್ದು ವಂಶವಾಹಿಗಳಿಂದ. ತವರಿನ ಹಕ್ಕಿಗಳ ಹಳೆಯ ಸಂಗ್ರಹಾಲಯ ಮಾದರಿಗಳನ್ನು ಯುರೋಪಿನ ಗಿಳಿಗಳೊಂದಿಗೆ ಹೋಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಆಫ್ರಿಕಾದಿಂದಲೂ ಸಾಕಷ್ಟು ಹಕ್ಕಿಗಳು ಆಮದಾಗುತ್ತಿದ್ದರೂ ಯುರೋಪಿನಲ್ಲಿ ನೆಲೆನಿಂತವು ಮುಖ್ಯವಾಗಿ ಏಷ್ಯಾದ, ಅದರಲ್ಲೂ ಪಾಕಿಸ್ತಾನ ಮತ್ತು ಉತ್ತರ ಭಾರತದ ಕಡೆಯ ಸಂತತಿ. ಪಂಜಾಬಿನ ಬಯಲಿನಲ್ಲೂ ಹಿಮಾಲಯದ ತಪ್ಪಲಿನಲ್ಲೂ ಜನವರಿಯ ರಾತ್ರಿಗಳು ಹೇಗಿರುತ್ತವೆಂದು ಬಲ್ಲವರಿಗೆ ಇದು ಆಶ್ಚರ್ಯ ತರಿಸದು. ಹಾಗಾಗಿ ಲಂಡನ್ನಿನ ಗಿಳಿಯನ್ನು ಕಂಡು ‘ನಮ್ಮೂರಿನದು’ ಎಂದು ಹಿಗ್ಗುವ ದಕ್ಷಿಣದವರು ಸ್ವಲ್ಪ ತಡೆಯಬೇಕಾಗುತ್ತದೆ: ಕರ್ನಾಟಕದಿಂದ ಶ್ರೀಲಂಕಾದವರೆಗೆ ಇರುವುದು ಇದೇ ಜಾತಿಯ ಇನ್ನೊಂದು ಉಪಜಾತಿ, ಲಂಡನ್ನಿನದು ಉತ್ತರದ ನೆಂಟ. ತವರಿನಲ್ಲೇ ಚಳಿ ಕಂಡ ಹಕ್ಕಿಗೂ ಒಂದು ಮಿತಿಯಿದೆ. ಯುರೋಪಿನ ನಗರಗಳನ್ನೆಲ್ಲ ಹೋಲಿಸಿ ನೋಡಿದ ಬೆಲ್ಜಿಯಂನ ಸಂಶೋಧಕರಾದ ಡೀಡೆರಿಕ್ ಸ್ಟ್ರುಬೆ ಮತ್ತು ಎರಿಕ್ ಮ್ಯಾಥಿಸೆನ್, ಹೆಪ್ಪುಗಟ್ಟುವ ಚಳಿಯ ದಿನಗಳು ಕಡಿಮೆಯಿರುವ, ಜನಸಾಂದ್ರತೆ ಹೆಚ್ಚಿರುವ ಕಡೆಗಳಲ್ಲೇ ಗಿಳಿಗಳು ನೆಲೆಸುವಲ್ಲಿ ಗೆದ್ದಿವೆ ಎಂದು 2009ರಲ್ಲಿ ತೋರಿಸಿದರು.

ಜನ ಹೆಚ್ಚಿರುವುದು ಹಕ್ಕಿಗೆ ಅನುಕೂಲವಾಗುವುದು ಹೇಗೆ? ಪಂಜರಗಳು ಹೆಚ್ಚಿರುವುದು ಒಂದು ಕಾರಣ. ಎರಡನೆಯದು ಊಟ. ಪಶ್ಚಿಮ ಯುರೋಪಿನ ಮನೆಗಳ ಹಿತ್ತಲಿನಲ್ಲಿ ಸಣ್ಣ ಹಕ್ಕಿಗಳಿಗಾಗಿ ತೂಗುಹಾಕುವ ಕಾಳಿನ ಬುಟ್ಟಿಗಳಲ್ಲಿ ಇರುವುದು ಕಡಲೆಕಾಯಿ ಬೀಜ ಮತ್ತು ಸೂರ್ಯಕಾಂತಿ ಬೀಜ. ಗಿಳಿಗೆ ಇದಕ್ಕಿಂತ ಒಳ್ಳೆಯ ಔತಣ ಬೇರೆ ಇಲ್ಲ. ಪ್ಯಾರಿಸ್ ಸುತ್ತಮುತ್ತ ನಡೆದ ಒಂದು ಅಧ್ಯಯನದಲ್ಲಿ ಗಿಳಿಗಳ ಆಹಾರದ ಸುಮಾರು ಅರ್ಧಭಾಗ ಇಂಥ ಬುಟ್ಟಿಗಳಿಂದಲೇ ಬರುತ್ತಿತ್ತು. ಮೂರನೆಯದು ಮನೆ. ಈ ಗಿಳಿ ಗೂಡು ಕಟ್ಟುವುದಿಲ್ಲ. ಮರಕುಟಿಗ ಕೊರೆದು ಬಿಟ್ಟ ಪೊಟರೆಯನ್ನೋ ಹಳೆಯ ಕೊಂಬೆ ಮುರಿದು ಆದ ಟೊಳ್ಳನ್ನೋ ಹಿಡಿಯುತ್ತದೆ. ರಾಜಮನೆತನಗಳು ಬೇಟೆಗೂ ವಿಹಾರಕ್ಕೂ ಕಾಯ್ದಿಟ್ಟು, ಈಗ ನಗರದ ಉದ್ಯಾನಗಳಾಗಿರುವ ಜಾಗಗಳಲ್ಲಿ ಶತಮಾನಗಳಷ್ಟು ಹಳೆಯ ಮರಗಳಿವೆ, ಆ ಮರಗಳಲ್ಲಿ ಪೊಟರೆಗಳಿವೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಂತೂ ಅವು, ಚಳಿ ತಡೆಯಲು ಕಟ್ಟಡಗಳ ಹೊರಗೋಡೆಗೆ ಹಚ್ಚಿದ ಥರ್ಮೋಕೋಲಿನಂಥ ಪದರವನ್ನೇ ಕೊರೆದು ಒಳಗೆ ಸಂಸಾರ ಹೂಡಿವೆ.

ನೆಲೆಸುವಿಕೆಯಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ; ಅದನ್ನು ತಪ್ಪಾಗಿ ಓದಿದ್ದರಿಂದಲೇ ಹಲವು ಸರ್ಕಾರಗಳು ಕೈಕಟ್ಟಿ ಕುಳಿತವು. ಹೊಸ ಗುಂಪು ಮೊದಲ ಹಲವು ವರ್ಷ ಬೆಳೆಯುವಂತೆಯೇ ಕಾಣುವುದಿಲ್ಲ. 1996ರಲ್ಲಿ ಗಿಳಿಗಳು ರಾತ್ರಿ ತಂಗುವ ಮರಗಳ ಬಳಿ ಏಕಕಾಲಕ್ಕೆ ನಿಂತು ಎಣಿಸಿದಾಗ ಇಡೀ ಬ್ರಿಟನ್ನಿನಲ್ಲಿ ಸಿಕ್ಕಿದ್ದು ಸುಮಾರು 1,500 ಹಕ್ಕಿಗಳು. ಮೊದಲ ಮರಿಗಳಾಗಿ ಇಪ್ಪತ್ತೇಳು ವರ್ಷಗಳ ಮೇಲೆ ಇಷ್ಟೇ ಎಂದರೆ ಯಾರಿಗೂ ಆತಂಕವಾಗದು. ಆದರೆ 2000ದ ದಶಕದ ಆರಂಭಕ್ಕೆ ಸರ್ರೆಯ ಈಷರ್‌ನ ರಗ್ಬಿ ಮೈದಾನದ ಪಕ್ಕದ ಮರಗಳಲ್ಲೇ ಸುಮಾರು 7,000 ಗಿಳಿಗಳು ಸಂಜೆ ಬಂದು ಸೇರುತ್ತಿದ್ದವು. ಮುಂದಿನ ಹತ್ತು ವರ್ಷಗಳಲ್ಲಿ ದೇಶದ ಒಟ್ಟು ಅಂದಾಜು 30,000 ಮುಟ್ಟಿತು. ಪ್ರತಿ ವರ್ಷ ಒಂದೇ ಪ್ರಮಾಣದಲ್ಲಿ ವೃದ್ಧಿಸುವ ಯಾವುದೇ ಜೀವಿಸಮೂಹದ ಲೆಕ್ಕ ಚಕ್ರಬಡ್ಡಿಯ ಸಾಲದಂತಿರುತ್ತದೆ, ಆರಂಭದಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ.

ಹಾಗೆಂದು ಒಮ್ಮೆ ಹೆಚ್ಚಿದ್ದು ಶಾಶ್ವತವೆಂದೂ ಹೇಳುವಂತಿಲ್ಲ. ನಮ್ಮಲ್ಲಿ ‘ಲವ್ ಬರ್ಡ್ಸ್’ ಎಂದು ತಪ್ಪಾಗಿ ಕರೆಸಿಕೊಳ್ಳುವ, ಆಸ್ಟ್ರೇಲಿಯಾ ಮೂಲದ ಪುಟ್ಟ ಬಜ್ರಿಗರ್ ಗಿಳಿ ಅಮೆರಿಕದ ಫ್ಲೋರಿಡಾದ ಪಶ್ಚಿಮ ಕರಾವಳಿಯಲ್ಲಿ ನೆಲೆಯೂರಿ, 1970ರ ದಶಕದ ಕೊನೆಯ ಹೊತ್ತಿಗೆ ಸಾವಿರಾರು ಸಂಖ್ಯೆಯ ಹಿಂಡುಗಳಾಗಿ ಹಾರಾಡುತ್ತಿತ್ತು. ಅನಂತರ ಅದು ಕುಸಿಯುತ್ತ ಬಂದು, 2014ರ ಸುಮಾರಿಗೆ ಅಲ್ಲಿ ಇಲ್ಲವಾಯಿತು. ಗೂಡಿನ ಜಾಗಕ್ಕಾಗಿ ಗುಬ್ಬಚ್ಚಿಗಳೊಡನೆ ನಡೆದ ಪೈಪೋಟಿ ಅದಕ್ಕೆ ಕೊಡಲಾಗುವ ಕಾರಣಗಳಲ್ಲೊಂದು.

ಪೊಟರೆಯ ಹಂಗೇ ಇಲ್ಲದ ಗಿಳಿಯೊಂದು ಇದಕ್ಕಿಂತ ಹೆಚ್ಚು ಯಶಸ್ವಿಯಾಗಿದೆ. ಅರ್ಜೆಂಟೀನಾ, ಉರುಗ್ವೆ ಮತ್ತು ಸುತ್ತಲಿನ ನಾಡುಗಳ ಬೂದು ಎದೆಯ ಮಾಂಕ್ ಗಿಳಿ, ತನ್ನ ಬಳಗದಲ್ಲಿ ಅತಿ ಅಪರೂಪವೆನ್ನುವಂತೆ, ಕಡ್ಡಿಗಳಿಂದ ಗೂಡು ಕಟ್ಟುತ್ತದೆ. ಅದೂ ಒಂಟಿ ಗೂಡಲ್ಲ, ಹಲವು ಜೋಡಿಗಳು ಪಕ್ಕಪಕ್ಕದಲ್ಲಿ ಕೋಣೆ ಸೇರಿಸುತ್ತ ಹೋಗುವ ವಠಾರ. ಮರಿ ಮಾಡುವ ಕಾಲ ಮುಗಿದ ಮೇಲೂ ಅವು ರಾತ್ರಿ ಅಲ್ಲೇ ಮಲಗುವುದರಿಂದ ಗೂಡು ವರ್ಷವಿಡೀ ಬೆಚ್ಚಗಿನ ಆಸರೆಯಾಗುತ್ತದೆ. 1968ರಿಂದ 1972ರವರೆಗಿನ ಅಲ್ಪ ಅವಧಿಯಲ್ಲೇ ಅರವತ್ತು ಸಾವಿರಕ್ಕೂ ಹೆಚ್ಚು ಮಾಂಕ್ ಗಿಳಿಗಳು ಅಮೆರಿಕಕ್ಕೆ ಆಮದಾದವು. ಹಿಂದೆಯೇ ನ್ಯೂಯಾರ್ಕ್, ಷಿಕಾಗೋಗಳ ಮರಗಳಲ್ಲಿ ಗೂಡುಗಳು ಕಂಡವು. ಬ್ರೂಕ್ಲಿನ್ನಿನ ಗ್ರೀನ್‌ವುಡ್ ಸ್ಮಶಾನದ ಗಾಥಿಕ್ ಹೆಬ್ಬಾಗಿಲಿನ ಶಿಖರವೇ ಅವುಗಳ ಪ್ರಸಿದ್ಧ ವಸತಿಯಾಯಿತು. ಷಿಕಾಗೋದ ಹೈಡ್ ಪಾರ್ಕಿನಲ್ಲಿ ಹಿಮ ಮುಚ್ಚಿದ ತಿಂಗಳುಗಳಲ್ಲಿ ಅವು ಬದುಕುವುದು ಹೆಚ್ಚುಕಡಿಮೆ ಪೂರ್ತಿಯಾಗಿ ಜನರು ಇಡುವ ಕಾಳಿನಿಂದ. ಯುರೋಪ್ ಮತ್ತು ಉತ್ತರ ಅಮೆರಿಕದ ಮಾಂಕ್ ಗಿಳಿಗಳ ವಂಶವಾಹಿಗಳನ್ನು ಪರಿಶೀಲಿಸಿದಾಗ, ಎರಡೂ ಖಂಡಗಳವು ದಕ್ಷಿಣ ಅಮೆರಿಕದ ಒಂದೇ ಸೀಮಿತ ಪ್ರದೇಶದಿಂದ ಬಂದವೆಂದು ತಿಳಿಯಿತು. ಹಕ್ಕಿ ಹಿಡಿಯುವವರು ಎಲ್ಲಿ ಬಲೆ ಬೀಸಿದರೋ ಅಲ್ಲಿನ ಸಂತತಿಯೇ ಜಗತ್ತಿನ ಊರುಗಳಿಗೆ ಹರಡಿತು.

ಮಾಂಕ್ ಗಿಳಿಯ ಗೂಡೇ ಅದರ ಬಗೆಗಿನ ದೂರುಗಳಿಗೂ ಮೂಲ. ವಿದ್ಯುತ್ ಕಂಬಗಳೂ ಟ್ರಾನ್ಸ್‌ಫಾರ್ಮರ್‌ಗಳೂ ಅದಕ್ಕೆ ಪ್ರಿಯವಾದ ಜಾಗಗಳು; ನೆನೆದ ಕಡ್ಡಿಗಳಿಂದ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತುವುದು, ಇಡೀ ಬಡಾವಣೆಯ ಕರೆಂಟ್ ಹೋಗುವುದು ಫ್ಲೋರಿಡಾದಲ್ಲಿ ಹಳೆಯ ಸಮಸ್ಯೆ.

ಸ್ಥಳೀಯ ಜೀವಿಗಳಿಗೆ ಈ ವಲಸಿಗರಿಂದ ಎಷ್ಟು ಹಾನಿ ಎಂಬುದರ ಬಗ್ಗೆ ಅವಸರದ ತೀರ್ಪು ಕೊಡುವವರು ಎರಡೂ ಬದಿಗಳಲ್ಲಿ ಇದ್ದಾರೆ. ಸಾಕ್ಷ್ಯಗಳು ಊರಿಂದೂರಿಗೆ ಬೇರೆಯಾಗುತ್ತವೆ. ನಮ್ಮ ಗಿಳಿ ಯುರೋಪಿನಲ್ಲಿ ಫೆಬ್ರವರಿ, ಮಾರ್ಚ್‌ನಲ್ಲೇ ಪೊಟರೆ ಹಿಡಿದು ಕೂರುತ್ತದೆ, ಅಲ್ಲಿನ ಹಲವು ಹಕ್ಕಿಗಳು ಗೂಡು ಹುಡುಕಲು ತೊಡಗುವುದು ಅದರ ಮೇಲೆ. ಬ್ರಸೆಲ್ಸ್‌ನಲ್ಲಿ ಸ್ಟ್ರುಬೆ ಮತ್ತು ಮ್ಯಾಥಿಸೆನ್ ಗಿಳಿಗಳಿದ್ದ ಪೊಟರೆಗಳನ್ನು ಮುಚ್ಚಿ ಪ್ರಯೋಗ ಮಾಡಿದಾಗ, ಗಿಳಿಗಳು ಬೇರೆ ಪೊಟರೆಗಳನ್ನು ಆಕ್ರಮಿಸಿ, ಮರದ ಕಾಂಡದ ಮೇಲೆ ತಲೆಕೆಳಗಾಗಿ ಓಡಾಡುವ ನಟ್‌ಹ್ಯಾಚ್ ಎಂಬ ಪುಟ್ಟ ಹಕ್ಕಿಯ ಸಂಖ್ಯೆ ಅಲ್ಲಿ ಇಳಿಯಿತು. ಇದೇ ನಟ್‌ಹ್ಯಾಚ್ ಬಗ್ಗೆ ಇಂಗ್ಲೆಂಡಿನ ಸಮೀಕ್ಷೆಗಳ ಅಂಕಿಗಳನ್ನು ಜಾಲಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಗಮನಾರ್ಹವಾದ ಪರಿಣಾಮವೇನೂ ಕಾಣಲಿಲ್ಲ. ಎರಡೂ ನಿಜವಾಗಿರಬಹುದು, ಏಕೆಂದರೆ ಪೊಟರೆಗಳ ಬರವಿರುವಲ್ಲಿ ಪೈಪೋಟಿ ನೋಯಿಸುತ್ತದೆ, ಧಾರಾಳವಾಗಿರುವಲ್ಲಿ ಅಷ್ಟಾಗಿ ನೋಯಿಸುವುದಿಲ್ಲ. ಲಂಡನ್ನಿನಲ್ಲಿ ಕಾಳಿನ ಬುಟ್ಟಿಯ ಬಳಿ ಪಂಜರದಲ್ಲಿ ಒಂದು ಗಿಳಿಯನ್ನಿಟ್ಟು ನೋಡಿದಾಗ ಸ್ಥಳೀಯ ಹಕ್ಕಿಗಳು ತಿನ್ನಲು ಬರುವುದು ಕಡಿಮೆಯಾಯಿತೆಂದು 2014ರ ಪ್ರಯೋಗವೊಂದು ತೋರಿಸಿತಾದರೂ, ಆ ಅಂಜಿಕೆ ಅವುಗಳ ಸಂಖ್ಯೆಯನ್ನೇ ತಗ್ಗಿಸುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

ಸಂಶಯಕ್ಕೆ ಹೆಚ್ಚು ಎಡೆಯಿಲ್ಲದ ಪ್ರಕರಣವೆಂದರೆ ಸ್ಪೇನಿನ ಸೆವಿಲ್ ನಗರದ್ದು. ಅಲ್ಲಿನ ಮರಿಯಾ ಲೂಯಿಸಾ ಉದ್ಯಾನದ ಮರಗಳ ಪೊಟರೆಗಳಲ್ಲಿ ಯುರೋಪಿನ ಅತಿ ದೊಡ್ಡ ಬಾವಲಿಯಾದ ಗ್ರೇಟರ್ ನಾಕ್ಟ್ಯೂಲ್‌ನ ಹೆಸರಾಂತ ವಸಾಹತು ಇದೆ. ಅಪಾಯದ ಅಂಚಿನಲ್ಲಿರುವ ಈ ಬಾವಲಿಗೆ ಹೀಗೆ ನೆಲೆಸಲು ಜಾಗಗಳು ಬಹಳ ಇಲ್ಲ. ಹದಿನಾಲ್ಕು ವರ್ಷಗಳಲ್ಲಿ ಉದ್ಯಾನದ ಗಿಳಿಗಳು ಇಪ್ಪತ್ತು ಪಟ್ಟು ಹೆಚ್ಚಿದವು. ಬಾವಲಿಗಳು ವಾಸಿಸುತ್ತಿದ್ದ ಮರಗಳ ಸಂಖ್ಯೆ ಶೇಕಡಾ 81ರಷ್ಟು ಕುಸಿಯಿತು ಎಂದು 2018ರಲ್ಲಿ ವರದಿಯಾಯಿತು. ಗಿಳಿಗಳು ಬಾವಲಿಗಳ ಮೇಲೆ ನೇರವಾಗಿ ಎರಗಿ, ಕಚ್ಚಿ ಕೊಂದದ್ದನ್ನೂ ಸಂಶೋಧಕರು ದಾಖಲಿಸಿದ್ದಾರೆ. ಮುದ್ದಿನ ಹಕ್ಕಿ ಎಂಬ ಭಾವನೆಯಿಂದ ನೋಡುವವರಿಗೆ ಇದು ನಂಬಲು ಕಷ್ಟ. ಆದರೆ ಹಣ್ಣಿನ ಗಟ್ಟಿ ಬೀಜ ಒಡೆಯಲು ರೂಪುಗೊಂಡ ಆ ಕೊಕ್ಕು ಏನು ಮಾಡಬಲ್ಲದೆಂದು ಗಿಳಿಯಿಂದ ಒಮ್ಮೆ ಕಚ್ಚಿಸಿಕೊಂಡವರು ಬಲ್ಲರು.

ಹಾನಿ ಖಚಿತವಾದ ಮೇಲೂ ಅವುಗಳನ್ನು ತೆಗೆಯುವುದು ಸುಲಭವಲ್ಲ, ಕಾರಣ ತಾಂತ್ರಿಕವಷ್ಟೇ ಅಲ್ಲ. ಷಿಕಾಗೋದಲ್ಲಿ 1980ರ ದಶಕದ ಕೊನೆಗೆ ಕೇಂದ್ರ ಕೃಷಿ ಇಲಾಖೆ ಮಾಂಕ್ ಗಿಳಿಗಳನ್ನು ಹಿಡಿಯಲು ಮುಂದಾದಾಗ ಹೈಡ್ ಪಾರ್ಕಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋಗುವ ಬೆದರಿಕೆಯೊಡ್ಡಿ ತಡೆದರು. ಆ ಗೂಡುಗಳ ಎದುರಿನ ಕಟ್ಟಡದಲ್ಲೇ ವಾಸವಾಗಿದ್ದ, ನಗರದ ಮೊದಲ ಕಪ್ಪು ಮೇಯರ್ ಹೆರಾಲ್ಡ್ ವಾಷಿಂಗ್ಟನ್ ಅವುಗಳನ್ನು ಶುಭಸೂಚಕವೆಂದು ಭಾವಿಸಿದ್ದರು. ಅವರು 1987ರಲ್ಲಿ ತೀರಿಕೊಂಡ ಮೇಲೆ ಹಕ್ಕಿಗಳ ಪರವಾದ ಭಾವನೆ ಇನ್ನಷ್ಟು ಗಟ್ಟಿಯಾಯಿತು. ಮ್ಯಾಡ್ರಿಡ್ ನಗರ ತನ್ನ ಹನ್ನೆರಡು ಸಾವಿರಕ್ಕೂ ಮಿಕ್ಕ ಮಾಂಕ್ ಗಿಳಿಗಳನ್ನು ಬಹಳಷ್ಟು ತಗ್ಗಿಸುವ ಯೋಜನೆಯನ್ನು 2019ರಲ್ಲಿ ಪ್ರಕಟಿಸಿದಾಗಲೂ ಪ್ರಾಣಿದಯಾ ಸಂಘಟನೆಗಳ ವಿರೋಧ ಎದ್ದಿತು. ಪೂರ್ತಿಯಾಗಿ ಗೆದ್ದ ಉದಾಹರಣೆ ಸೆಶೆಲ್ಸ್ ದ್ವೀಪರಾಷ್ಟ್ರದ್ದು. ಅಲ್ಲಿನ ರಾಷ್ಟ್ರಪಕ್ಷಿಯಾದ ಕಪ್ಪು ಗಿಳಿ ಪ್ರಾಲಿನ್ ಎಂಬ ದ್ವೀಪಕ್ಕೆ ಸೀಮಿತವಾದದ್ದು. ನೆರೆಯ ಮಾಹೆ ದ್ವೀಪದಲ್ಲಿ ನೆಲೆಸಿದ್ದ ನಮ್ಮ ಹಸಿರು ಗಿಳಿ ಅಲ್ಲಿಗೂ ದಾಟಿ ರೋಗವನ್ನೂ ಪೈಪೋಟಿಯನ್ನೂ ತಂದೀತೆಂಬ ಭಯದಿಂದ, ಹಲವು ವರ್ಷಗಳ ಕಾಲ ಐನೂರಕ್ಕೂ ಹೆಚ್ಚು ಹಕ್ಕಿಗಳನ್ನು ಗುಂಡಿಟ್ಟು ಕೊಂದು, 2019ರಲ್ಲಿ ಮಾಹೆ ಗಿಳಿಮುಕ್ತವಾಯಿತೆಂದು ಘೋಷಿಸಲಾಯಿತು. ಐನೂರು ಹಕ್ಕಿ, ಒಂದು ದ್ವೀಪ. ಮೂವತ್ತು ಸಾವಿರ ಹಕ್ಕಿಗಳಿರುವ ಬ್ರಿಟನ್ನಿನಲ್ಲಿ, ಜನರ ಹಿತ್ತಿಲುಗಳ ನಡುವೆ, ಇದನ್ನು ಯಾರೂ ಯೋಚಿಸಲಾರರು. ಅದಕ್ಕಾಗಿಯೇ ಹೆಚ್ಚು ಕೆಲಸ ಮಾಡಿದ್ದು ಕೋವಿಗಿಂತ ಕಾಗದ: ಹಕ್ಕಿಜ್ವರದ ಭೀತಿಯಿಂದ 2005ರಲ್ಲಿ ತಾತ್ಕಾಲಿಕವಾಗಿ ಹೇರಿ 2007ರಲ್ಲಿ ಕಾಯಂಗೊಳಿಸಿದ ನಿಷೇಧದಿಂದ, ಕಾಡಿನಿಂದ ಹಿಡಿದ ಹಕ್ಕಿಗಳು ಯುರೋಪಿಯನ್ ಒಕ್ಕೂಟಕ್ಕೆ ಬರುವುದು ನಿಂತಿತು. ಅಷ್ಟು ಹೊತ್ತಿಗೆ ಒಳಗೆ ಬಂದಿದ್ದವು ಬಂದಾಗಿತ್ತು.

ಈ ವಿದ್ಯಮಾನಕ್ಕೆ ಇನ್ನೊಂದು ಮುಖವೂ ಇದೆ, ಅದು ಸಂರಕ್ಷಕರನ್ನೇ ಗೊಂದಲಕ್ಕೆ ಕೆಡವಿದೆ. ಇಂಡೋನೇಷ್ಯಾ ಮತ್ತು ಪೂರ್ವ ತಿಮೋರ್‌ನ ಹಳದಿ ಜುಟ್ಟಿನ ಕಾಕಟೂ ಪಂಜರದ ವ್ಯಾಪಾರದಿಂದಲೇ ಅಳಿವಿನ ಅಂಚಿಗೆ ಬಂದಿದೆ. ಆದರೆ ಹಾಂಗ್‌ಕಾಂಗ್ ನಗರದ ಉದ್ಯಾನಗಳಲ್ಲಿ, ಅದೇ ವ್ಯಾಪಾರದಿಂದ ತಪ್ಪಿಸಿಕೊಂಡ ಹಕ್ಕಿಗಳ ಸಂತಾನವಾಗಿ ಇನ್ನೂರರಷ್ಟು ಕಾಕಟೂಗಳಿವೆ; ಜಗತ್ತಿನಲ್ಲಿ ಸ್ವತಂತ್ರವಾಗಿ ಹಾರಾಡುತ್ತಿರುವ ಈ ಜಾತಿಯ ಹಕ್ಕಿಗಳಲ್ಲಿ ಇದು ಹತ್ತನೇ ಒಂದರಷ್ಟು. 1941ರಲ್ಲಿ ಜಪಾನೀ ಸೇನೆ ಮುತ್ತಿದಾಗ ಬ್ರಿಟಿಷ್ ಗವರ್ನರ್ ಇವುಗಳನ್ನು ಬಿಡುಗಡೆ ಮಾಡಿದನೆಂಬ ಕಥೆ ಅಲ್ಲೂ ಇದೆ, ಹೆಂಡ್ರಿಕ್ಸನ ಕಥೆಯಷ್ಟೇ ಆಧಾರವುಳ್ಳದ್ದು. ಈಶಾನ್ಯ ಮೆಕ್ಸಿಕೋದಲ್ಲಿ ವಿರಳವಾಗುತ್ತಿರುವ ಕೆಂಪು ನೆತ್ತಿಯ ಅಮೆಜಾನ್ ಗಿಳಿ ಲಾಸ್ ಏಂಜಲೀಸ್ ಸುತ್ತಲಿನ ಬೀದಿಮರಗಳಲ್ಲಿ ಸಾವಿರಗಟ್ಟಲೆ ಇದೆ. ಪಂಜರದ ವ್ಯಾಪಾರದ ಬಲಿಪಶುವನ್ನು ಅದೇ ವ್ಯಾಪಾರದ ಅಕಸ್ಮಾತ್ ಫಲ ಉಳಿಸಿಕೊಟ್ಟೀತೆ ಎಂಬ ಚರ್ಚೆ ನಡೆದಿದೆ.

ಭಾರತದಲ್ಲಿ ಈ ಚಿತ್ರ ತಲೆಕೆಳಗಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ ಅಪರಾಧ; ಹಾಗಾಗಿ ಬೆಂಗಳೂರಿನ ಸಾಕುಹಕ್ಕಿಗಳ ಅಂಗಡಿಗಳಲ್ಲಿ ಬಹಿರಂಗವಾಗಿ ಕೂತಿರುವುದು ದಕ್ಷಿಣ ಅಮೆರಿಕದ ಸನ್ ಕೊನ್ಯೂರ್, ಆಫ್ರಿಕಾದ ಗ್ರೇ ಗಿಳಿ, ಆಸ್ಟ್ರೇಲಿಯಾದ ಕಾಕಟೀಲ್ ಮತ್ತು ಬಜ್ರಿಗರ್. ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ ಮತ್ತು ಅದರಂತೆ 2024ರಲ್ಲಿ ಹೊರಟ ನಿಯಮಗಳು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಗಳಲ್ಲಿರುವ ವಿದೇಶಿ ಜೀವಿಗಳ ಒಡೆತನ, ಹುಟ್ಟು, ಸಾವು, ವರ್ಗಾವಣೆಗಳನ್ನು ನೋಂದಾಯಿಸಬೇಕೆನ್ನುತ್ತವೆ. ಆದರೆ ಗಿಳಿಗಳ ಇಡೀ ಬಳಗದಲ್ಲಿ ಆ ಪಟ್ಟಿಗಳಿಂದ ಹೊರಗುಳಿದಿರುವ ಜಾತಿಗಳು ನಾಲ್ಕೇ: ಬಜ್ರಿಗರ್, ಕಾಕಟೀಲ್, ಗುಲಾಬಿ ಮುಖದ ಲವ್ ಬರ್ಡ್ ಮತ್ತು ಲಂಡನ್ನನ್ನು ಹಿಡಿದ ನಮ್ಮದೇ ಗಿಳಿ. ಅತಿ ಅಗ್ಗವಾಗಿ, ಅತಿ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಗುವುದರಿಂದ ಅತಿ ಹೆಚ್ಚಾಗಿ ತಪ್ಪಿಸಿಕೊಳ್ಳಬಲ್ಲ ಹಕ್ಕಿಗಳೇ ಹೀಗೆ ಲೆಕ್ಕದ ಹೊರಗೆ ಉಳಿದಿವೆ. ಸಂತೆಯಲ್ಲಿ ಕೊಂಡ ಹಕ್ಕಿಯನ್ನು ಪುಣ್ಯಕ್ಕೆಂದು ಹಾರಿಬಿಡುವ ರೂಢಿಯೂ ನಮ್ಮಲ್ಲಿ ಇರುವುದರಿಂದ, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಪರದೇಶದ ಗಿಳಿಯ ಜೋಡಿಯೊಂದು ಪೊಟರೆಯಲ್ಲಿ ಮರಿ ಮಾಡಿದ್ದು ಕಂಡರೆ ಅದನ್ನು ಆಗಲೇ ದಾಖಲಿಸಿಕೊಳ್ಳುವುದು ಹಕ್ಕಿ ವೀಕ್ಷಕರ ಪಾಲಿಗೆ ಬಿದ್ದಿರುವ ಕೆಲಸ. ಸೆಶೆಲ್ಸ್ ಗೆದ್ದದ್ದು ಹಕ್ಕಿಗಳು ಇನ್ನೂ ನೂರರ ಲೆಕ್ಕದಲ್ಲಿದ್ದಾಗ.